ಪ್ಲಗ್‌ನ ಮಸಿಯಿಂದ ಜೆಟ್‌ನವರೆಗೆ: ಕರಾವಳಿಯ ಆರ್‌ಎಕ್ಸ್ ಒಂದನ್ನು ಚಿಕ್ಕಮಗಳೂರಿನ ಗಾಳಿಗೆ ಹೊಂದಿಸಿದ ಅನುಭವ

ಮಂಗಳೂರಿನ ಆಸುಪಾಸಿನ ಮಣ್ಣಿನ ಟ್ರ್ಯಾಕ್‌ಗಳಲ್ಲಿ ಕೆಲವು ವರ್ಷ ಓಡಿದ್ದ ಯಮಹಾ ಆರ್‌ಎಕ್ಸ್ 135 ಒಂದನ್ನು ಕೊಂಡು ನಾನು ಚಿಕ್ಕಮಗಳೂರಿಗೆ ತಂದೆ. ತೋಟದ ದಾರಿಗಳಲ್ಲಿ, ಗುಡ್ಡದ ಮಣ್ಣು ರಸ್ತೆಗಳಲ್ಲಿ ಓಡಿಸಬೇಕೆಂಬ ಆಸೆ ಬಹಳ ಕಾಲದಿಂದ ಇತ್ತು. ನಮ್ಮ ಕಡೆ ಟೂ ಸ್ಟ್ರೋಕ್ ಡರ್ಟ್ ಬೈಕ್ ಎಂದರೆ ಬಹುಪಾಲು ಇಂಥ ಗಾಡಿಯೇ. ಹೊರದೇಶದಿಂದ ಬರುವ ಮೋಟೋಕ್ರಾಸ್ ಬೈಕಿನ ಬೆಲೆ ಎಲ್ಲರ ಕೈಗೆಟುಕುವುದಿಲ್ಲ; 1985ರಲ್ಲಿ ಬಂದ ಆರ್‌ಎಕ್ಸ್ 100 ಮತ್ತು ವರ್ಷಗಳ ನಂತರ ಬಂದ 135 ಹಗುರವಾಗಿವೆ, ಬಿಡಿಭಾಗ ಸಿಗುತ್ತದೆ, ಬಿಚ್ಚಿ ಜೋಡಿಸಲು ತಿಳಿದ ಕೈಗಳು ಪ್ರತಿ ಊರಿನಲ್ಲೂ ಇವೆ. ನನಗೆ ಸಿಕ್ಕ ಗಾಡಿಗೆ ಎತ್ತರದ ಫೋರ್ಕ್, ಗಡ್ಡೆ ಟಯರ್, ಹೊಟ್ಟೆ ಉಬ್ಬಿದ ಎಕ್ಸ್‌ಪ್ಯಾನ್ಶನ್ ಚೇಂಬರ್ ಸೈಲೆನ್ಸರ್ ಮತ್ತು ಮೂಲದ್ದಕ್ಕಿಂತ ದೊಡ್ಡದಾದ 24 ಮಿಲಿಮೀಟರ್ ಮಿಕುನಿ ಕಾರ್ಬೊರೇಟರ್ (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಹಾಕಿದ್ದರು. ಕೊಳ್ಳುವಾಗ ಕೆಳಗಿನ ಊರಿನಲ್ಲಿ ಓಡಿಸಿ ನೋಡಿದ್ದೆ; ಒಂದು ತೊಡಕೂ ಇಲ್ಲದೆ ಓಡಿತ್ತು.

ಘಟ್ಟ ಹತ್ತಿ ಬಂದ ಮೇಲೆ ಅದೇ ಗಾಡಿ ಬೇರೆಯಾಯಿತು. ತಣ್ಣಗಿದ್ದಾಗ ಒಂದೆರಡು ಕಿಕ್‌ಗೆ ಎಂಜಿನ್ ಎದ್ದುಕೊಳ್ಳುತ್ತಿತ್ತು, ಆದರೆ ಕಾಫಿ ತೋಟದ ನಡುವಿನ ಇಕ್ಕಟ್ಟಾದ ದಾರಿಯಲ್ಲಿ ಒಂದು, ಎರಡನೇ ಗೇರಿನಲ್ಲಿ ನಿಧಾನವಾಗಿ ಸ್ವಲ್ಪ ದೂರ ಸಾಗಿದರೆ ಸದ್ದು ಬದಲಾಗುತ್ತಿತ್ತು. ಟೂ ಸ್ಟ್ರೋಕ್ ಎಂಜಿನ್ನಿನ ಬಿಡುವಿಲ್ಲದ ಝೇಂಕಾರ ಹೋಗಿ, ಒಂದು ಸುತ್ತು ಬಿಟ್ಟು ಒಂದು ಸುತ್ತು ಉರಿಯುವ ಬುಡ್ ಬುಡ್ ಸದ್ದು ಬರುತ್ತಿತ್ತು. ಆಕ್ಸಿಲರೇಟರ್ ತಿರುಗಿಸಿದರೆ ಕೆಮ್ಮಿ, ಹಿಂದೆ ದಟ್ಟ ಹೊಗೆ ಬಿಟ್ಟು, ಕಡೆಗೆ ನಿಂತೇಬಿಡುತ್ತಿತ್ತು. ಪ್ಲಗ್ ಬಿಚ್ಚಿದರೆ ಕಡು ಕಪ್ಪು. ಹೊಸ ಪ್ಲಗ್ ಹಾಕಿದರೆ ಮತ್ತೆ ಹೊಸ ಗಾಡಿಯಂತೆ ಎದ್ದು ಓಡುತ್ತಿತ್ತು. ಆದರೆ ಅದು ಹೆಚ್ಚು ಹೊತ್ತು ಉಳಿಯುತ್ತಿರಲಿಲ್ಲ.

ಹೊಸ ಪ್ಲಗ್ ಹಾಕಿದೊಡನೆ ಗಾಡಿ ಸರಿಹೋಗುವುದರಿಂದಲೇ ಹಲವರು ದೋಷ ಪ್ಲಗ್‌ನದ್ದೆಂದು ತಿಳಿದು, ಜೇಬಿನಲ್ಲಿ ಎರಡು ಪ್ಲಗ್ ಇಟ್ಟುಕೊಂಡು ಓಡಾಡುತ್ತಾರೆ. ಎಂಜಿನ್ನಿನ ಒಳಗೆ ಏನು ನಡೆಯುತ್ತಿದೆ ಎಂಬುದನ್ನು ಪ್ಲಗ್ ಹೊರಗೆ ತಂದು ತೋರಿಸುತ್ತದೆ, ಅಷ್ಟೆ. ಅದರ ತುದಿಯ ನಡುಕಡ್ಡಿಯನ್ನು ಸುತ್ತುವರಿದ ಬಿಳಿಯ ಪಿಂಗಾಣಿ ವಿದ್ಯುತ್ತನ್ನು ತಡೆಯಬೇಕು; ಹಾಗೆ ತಡೆದರೆ ಮಾತ್ರ ವಿದ್ಯುತ್ತು ಬೇರೆ ದಾರಿ ಕಾಣದೆ ತುದಿಯ ಸಂದನ್ನು ಹಾರಿ ಕಿಡಿಯಾಗುತ್ತದೆ. ಉರಿಯದೆ ಉಳಿದ ಪೆಟ್ರೋಲಿನ ಮಸಿ ಆ ಪಿಂಗಾಣಿಯ ಮೇಲೆ ಕೂತಾಗ ಇಂಗಾಲದ ಒಂದು ತೆಳು ಪದರ ಏರ್ಪಡುತ್ತದೆ, ಇಂಗಾಲ ವಿದ್ಯುತ್ತನ್ನು ಹಾಯಗೊಡುತ್ತದೆ, ಕಿಡಿಯಾಗಬೇಕಿದ್ದ ಶಕ್ತಿ ಸದ್ದಿಲ್ಲದೆ ಆ ಪದರದ ಮೂಲಕ ಲೋಹದ ಮೈಗೆ ಇಳಿದುಹೋಗುತ್ತದೆ. ಮೆಕ್ಯಾನಿಕ್‌ಗಳು ಪ್ಲಗ್ ಶಾರ್ಟ್ ಆಗಿದೆ ಎನ್ನುವುದು ಇದನ್ನೇ. ಪ್ಲಗ್‌ನ ತುದಿ ಸುಮಾರು 450 ಡಿಗ್ರಿ ಸೆಲ್ಸಿಯಸ್ ದಾಟಿ ಕಾದರೆ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. 800 ಡಿಗ್ರಿಯನ್ನೂ ಮೀರಿ ಕಾದರೆ ಕಿಡಿಗೆ ಮೊದಲೇ ಮಿಶ್ರಣ ಹೊತ್ತಿಕೊಳ್ಳುವ ಅಪಾಯ ಶುರುವಾಗುತ್ತದೆ. ಈ ಎರಡರ ನಡುವೆ ಅದನ್ನು ಹಿಡಿದಿಡುವುದೇ ಇಡೀ ಕೆಲಸ.

ಮೊದಲು ನಾನು ಮಾಡಿದ್ದು, ಬಿಚ್ಚಿದ ಪ್ಲಗ್‌ಗಳನ್ನು ತೊಳೆಯದೆ ಹಾಗೆಯೇ ಒಂದು ಬಿಳಿ ಕಾಗದದ ಮೇಲೆ ಸಾಲಾಗಿ ಇಟ್ಟು ಹಗಲು ಬೆಳಕಿನಲ್ಲಿ ನೋಡಿದ್ದು. ಕಪ್ಪು ಎಂದರೆ ಎಲ್ಲವೂ ಒಂದೇ ಕಪ್ಪಲ್ಲ. ಸೀಮೆಎಣ್ಣೆ ಲಾಟೀನಿನ ಗಾಜಿಗೆ ಹಿಡಿಯುವ ಮಸಿಯಂತೆ ಒಣಗಿದ, ಬೆರಳಿಗೆ ಮೆತ್ತಗೆ ಅಂಟಿ ಬರುವ ಕಪ್ಪು ಇದ್ದರೆ ಪೆಟ್ರೋಲ್ ಹೆಚ್ಚಾಗಿದೆ, ಇಲ್ಲವೇ ಗಾಳಿ ಸಾಲದಾಗಿದೆ. ಹೊಳೆಯುವ, ಜಿಡ್ಡು ಜಿಡ್ಡಾದ, ಒರೆಸಿದರೆ ಬಟ್ಟೆಯಲ್ಲಿ ಎಣ್ಣೆಯ ಕಲೆ ಉಳಿಸುವ ಕಪ್ಪಾದರೆ ಎಣ್ಣೆ ಎಲ್ಲಿಂದಲೋ ಬೇಕಾದುದಕ್ಕಿಂತ ಹೆಚ್ಚು ಸೇರುತ್ತಿದೆ ಅಥವಾ ಎಂಜಿನ್ ಕಾಯದೆ ಎಣ್ಣೆ ಉರಿಯುತ್ತಿಲ್ಲ. ತುದಿ ಒದ್ದೆಯಾಗಿ ಪೆಟ್ರೋಲಿನ ವಾಸನೆ ಬಡಿದು, ಊದಿದ ಕೂಡಲೇ ಆರಿದರೆ ಕಿಡಿ ಹತ್ತಿಲ್ಲ ಅಥವಾ ಕಾರ್ಬೊರೇಟರ್ ಓವರ್‌ಫ್ಲೋ ಆಗುತ್ತಿದೆ. ಇನ್ನೊಂದು ಬಗೆಯೂ ಉಂಟು: ಸಂದಿನ ನಡುವೆ ಕೂದಲೆಳೆಯಂಥ ಇಂಗಾಲದ ಸೇತುವೆ ಬೆಳೆದು ಕಿಡಿಯನ್ನೇ ನುಂಗುವುದು. ನನ್ನ ಪ್ಲಗ್‌ಗಳು ಮೊದಲನೆಯ ಗುಂಪಿಗೆ ಸೇರಿದ್ದವು: ಒಣ ಮಸಿ, ಅದರ ಬುಡದಲ್ಲಿ ಮಾತ್ರ ಸ್ವಲ್ಪ ಜಿಡ್ಡು. ಎಂದರೆ ಎಣ್ಣೆಗಿಂತ ಮೊದಲು ಪೆಟ್ರೋಲಿನ ಲೆಕ್ಕವನ್ನು ನೋಡಬೇಕಿತ್ತು.

ಆದರೂ ಕಿಡಿಯನ್ನು ಪರೀಕ್ಷಿಸದೆ ಕಾರ್ಬೊರೇಟರಿಗೆ ಕೈ ಹಾಕಬಾರದೆಂಬುದು ನನ್ನ ನಿಲುವು, ಏಕೆಂದರೆ ದುರ್ಬಲ ಕಿಡಿಯೂ ಇದೇ ಒಣ ಮಸಿಯನ್ನೇ ಕೊಡುತ್ತದೆ. ಪ್ಲಗ್ಗನ್ನು ಹೆಡ್‌ಗೆ ತಾಗಿಸಿ ಕಿಕ್ ಹೊಡೆದು ಕಿಡಿ ಕಾಣಿಸಿದರೆ ಸಾಕೆಂದು ನಂಬುವುದುಂಟು. ಬಯಲಿನ ಗಾಳಿಯಲ್ಲಿ ಹಾರುವ ಕಿಡಿ ಸಿಲಿಂಡರಿನ ಒಳಗಿನ ಒತ್ತಡದಲ್ಲಿ ಹಾರಲೇಬೇಕೆಂದಿಲ್ಲ; ಒತ್ತಡ ಹೆಚ್ಚಿದಷ್ಟೂ ಸಂದು ದಾಟಲು ಹೆಚ್ಚಿನ ವೋಲ್ಟೇಜ್ ಬೇಕು. ಆದ್ದರಿಂದ ಕಾಯಿಲ್‌ನಿಂದ ಪ್ಲಗ್‌ವರೆಗಿನ ದಾರಿಯನ್ನು ಒಂದೊಂದಾಗಿ ನೋಡಿದೆ. ಮಲ್ಟಿಮೀಟರ್‌ನಲ್ಲಿ ಪ್ಲಗ್ ಕ್ಯಾಪ್‌ನ ರೋಧ 5 ಸಾವಿರ ಓಮ್‌ನ ಆಸುಪಾಸು ಇರಬೇಕಿತ್ತು. ಮುಳ್ಳು ಒಂದು ಕಡೆ ನಿಲ್ಲಲೇ ಇಲ್ಲ, ಕ್ಯಾಪ್ ಅಲುಗಾಡಿಸಿದಂತೆಲ್ಲ ಓಲಾಡುತ್ತಿತ್ತು. ಕ್ಯಾಪ್ ತಿರುಗಿಸಿ ತೆಗೆದಾಗ ವೈರಿನ ತುದಿಯ ತಾಮ್ರದ ಎಳೆಗಳಿಗೆ ಹಸಿರು ಕಿಲುಬು ಹಿಡಿದಿತ್ತು. ಕರಾವಳಿಯ ಉಪ್ಪುಗಾಳಿಯ ಕೆಲಸ. ಕಿಲುಬು ಹಿಡಿದಷ್ಟು ವೈರನ್ನು ಕತ್ತರಿಸಿ, ಹೊಸ ಎಳೆಗೆ ಹೊಸ ಕ್ಯಾಪ್ ತಿರುಪಿ ಕೂರಿಸಿ, ಪ್ಲಗ್‌ನ ಸಂದನ್ನು 0.6 ಮಿಲಿಮೀಟರಿಗೆ ಹೊಂದಿಸಿದೆ. ಕಿಡಿ ಹಳದಿಯಿಂದ ನೀಲಿಗೆ ತಿರುಗಿತು. ಗಾಡಿ ಕಿಕ್‌ಗೆ ಬೇಗ ಸ್ಪಂದಿಸತೊಡಗಿತು, ಪ್ಲಗ್‌ನ ಆಯಸ್ಸೂ ಸ್ವಲ್ಪ ಹೆಚ್ಚಿತು. ತೋಟದ ದಾರಿಯ ಬುಡ್ ಬುಡ್ ಮಾತ್ರ ಹಾಗೆಯೇ ಉಳಿಯಿತು.

ಇಷ್ಟರಲ್ಲಿ ಗಾಡಿ ನೋಡಿದವರೆಲ್ಲರೂ ಕೊಟ್ಟ ಸಲಹೆ ಒಂದೇ: ಆಯಿಲ್ ಕಡಿಮೆ ಮಾಡಿ. ಹೊಗೆ ಬರುತ್ತದೆ, ಪ್ಲಗ್ ಕಪ್ಪಾಗುತ್ತದೆ, ಹಾಗಾದರೆ ಎಣ್ಣೆ ಜಾಸ್ತಿಯಾಗಿದೆ ಎಂಬ ತರ್ಕ ಕೇಳಲು ಸರಿಯಾಗಿಯೇ ಇದೆ. ಈ ಒಂದು ಸಲಹೆಯಿಂದ ಎಷ್ಟೋ ಒಳ್ಳೆಯ ಎಂಜಿನ್‌ಗಳು ಸೀಜ್ ಆಗಿ, ಅಂದರೆ ಪಿಸ್ಟನ್ ಕಚ್ಚಿಕೊಂಡು, ಬೋರ್ ಹೊಡೆಸಿಕೊಂಡಿವೆ ಎಂಬ ಕಾರಣಕ್ಕೆ ಇದರ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯುತ್ತೇನೆ.

ಟೂ ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್‌ನ ಬೇರಿಂಗ್‌ಗೂ ಕನೆಕ್ಟಿಂಗ್ ರಾಡ್‌ನ ಎರಡು ತುದಿಗಳಿಗೂ ಪಿಸ್ಟನ್‌ಗೂ ಎಣ್ಣೆ ತಲುಪಲು ಪೆಟ್ರೋಲಿನ ಜೊತೆ ಬರುವುದಲ್ಲದೆ ಬೇರೆ ದಾರಿಯಿಲ್ಲ. ಮೂಲದಲ್ಲಿ ಆರ್‌ಎಕ್ಸ್‌ಗೆ ಎಣ್ಣೆಯ ಪ್ರತ್ಯೇಕ ಟ್ಯಾಂಕ್ ಮತ್ತು ಆಕ್ಸಿಲರೇಟರ್‌ಗೆ ತಕ್ಕಷ್ಟು ಎಣ್ಣೆ ಕೊಡುವ ಪಂಪ್ ಇರುತ್ತದೆ. ಮಣ್ಣಿನಲ್ಲಿ ಓಡಿಸುವವರು ಅದನ್ನು ತೆಗೆದು, ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿಗಳಿಗೆ ಮಾಡುತ್ತಿದ್ದಂತೆ ಪೆಟ್ರೋಲಿಗೇ ಎಣ್ಣೆ ಬೆರೆಸಿ ಹಾಕುತ್ತಾರೆ. ನನ್ನ ಗಾಡಿಯಲ್ಲೂ ಪಂಪ್ ತೆಗೆದಿದ್ದರು. ಅದು ಕೂತಿದ್ದ ಜಾಗಕ್ಕೆ ತಗಡು ಮುಚ್ಚಿ, ಎಣ್ಣೆಯ ನಳಿಕೆ ಸೇರುತ್ತಿದ್ದ ತೂತನ್ನೂ ಭದ್ರವಾಗಿ ಮುಚ್ಚಿದ್ದನ್ನು ನೋಡಿ ಖಚಿತಪಡಿಸಿಕೊಂಡೆ. ಪಂಪೂ ಕೆಲಸ ಮಾಡುತ್ತಾ ಟ್ಯಾಂಕಿನಲ್ಲೂ ಎಣ್ಣೆ ಬೆರೆತಿರುವ ಗಾಡಿಗಳು ಸಿಗುತ್ತವೆ, ಆದ್ದರಿಂದ ಕೊಂಡ ಗಾಡಿಯಲ್ಲಿ ಇದನ್ನು ನೋಡಲೇಬೇಕು.

ಈಗ ಲೆಕ್ಕ. ಲೀಟರ್ ಪೆಟ್ರೋಲಿಗೆ 25 ಮಿಲಿಲೀಟರ್ ಎಣ್ಣೆ ಬೆರೆಸಿದರೆ 40ಕ್ಕೆ 1. 31 ಮಿಲಿಲೀಟರ್ ಬೆರೆಸಿದರೆ 32ಕ್ಕೆ 1. 20 ಮಿಲಿಲೀಟರ್ ಆದರೆ 50ಕ್ಕೆ 1. ಕಾರ್ಬೊರೇಟರಿನೊಳಗೆ ಪೆಟ್ರೋಲನ್ನು ಅಳೆದು ಬಿಡುವ ತೂತುಳ್ಳ ಸಣ್ಣ ತಿರುಪಿಗೆ ಜೆಟ್ ಎನ್ನುತ್ತಾರೆ; ಅದರ ತೂತಿನಿಂದ ಹಾಯುವುದು ಬೆರೆತ ದ್ರವ. ಅದರಲ್ಲಿ ಎಣ್ಣೆಯನ್ನು ಇಳಿಸಿದರೆ ಆ ಜಾಗವನ್ನು ಪೆಟ್ರೋಲ್ ತುಂಬುತ್ತದೆ, ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲಿನ ಪಾಲು ಕೂದಲೆಳೆಯಷ್ಟು ಏರುತ್ತದೆಯೇ ಹೊರತು ಇಳಿಯುವುದಿಲ್ಲ. 32ರಿಂದ 50ಕ್ಕೆ ಹೋದರೆ ಈ ವ್ಯತ್ಯಾಸ ಶೇಕಡ 1ರಷ್ಟು ಮಾತ್ರ; ಒಣ ಮಸಿಯ ರೋಗಕ್ಕೆ ಅದು ಮದ್ದೂ ಅಲ್ಲ, ಪಥ್ಯವೂ ಅಲ್ಲ. ಬೇರಿಂಗ್ ಮಾತ್ರ ಮೂರನೇ ಒಂದು ಪಾಲಿನಷ್ಟು ಎಣ್ಣೆಯನ್ನು ಕಳೆದುಕೊಳ್ಳುತ್ತದೆ. ಮೂಡಿಗೆರೆ ಕಡೆಯ ಹಿರಿಯ ಮೆಕ್ಯಾನಿಕ್ ಒಬ್ಬರ ಬಳಿ ಈ ಪ್ರಶ್ನೆಯನ್ನು ಇಟ್ಟಾಗ ಅವರು ಹೇಳಿದ್ದು ಇಷ್ಟೇ: “ಹೊಗೆ ಕಂಡರೆ ಎಣ್ಣೆ ಕಡಿಮೆ ಮಾಡಬೇಡಿ ಸಾರ್. ಎಣ್ಣೆ ಉರಿಯುವಷ್ಟು ಎಂಜಿನ್ ಕಾಯ್ತಾ ಇದೆಯಾ, ಅದನ್ನು ನೋಡಿ.” ಅವರ ಮಾತು ಸರಿಯಾಗಿತ್ತು. ನಾನು 32ಕ್ಕೆ 1ರಲ್ಲಿ ನಿಂತೆ, ಆದರೆ ಎರಡು ವಿಷಯಗಳನ್ನು ಬಿಗಿ ಮಾಡಿದೆ. ಬಾಟಲಿಯ ಮುಚ್ಚಳದಲ್ಲಿ ಅಂದಾಜು ಹಾಕಿ ಬೆರೆಸುವುದನ್ನು ಬಿಟ್ಟು, ಔಷಧದ ಅಂಗಡಿಯ ದೊಡ್ಡ ಸಿರಿಂಜಿನಲ್ಲಿ ಅಳೆದು, ಬೇರೆ ಕ್ಯಾನಿನಲ್ಲಿ ಕುಲುಕಿ ಬೆರೆಸಿ ಟ್ಯಾಂಕಿಗೆ ಸುರಿಯತೊಡಗಿದೆ. ಎಣ್ಣೆಯೂ ಜಪಾನಿನ ಜಾಸೋ ಮಾನದಂಡದ ಎಫ್‌ಡಿ ದರ್ಜೆಯದ್ದೇ ಆಗಬೇಕೆಂದು ಹಟ ಹಿಡಿದೆ. ಎಫ್‌ಬಿ ದರ್ಜೆಗಿಂತ ಇದರಲ್ಲಿ ಹೊಗೆ ಕಡಿಮೆ, ಇಂಗಾಲ ಕೂರುವುದೂ ಕಡಿಮೆ.

ಏರ್ ಫಿಲ್ಟರಿನ ಕೆಲಸ ಬೇಗ ಮುಗಿಯಿತು. ಸ್ಪಂಜು ಕೆಂಪು ಧೂಳು ಮತ್ತು ಹಳೆಯ ಎಣ್ಣೆಯಿಂದ ಹಲ್ವದಂತೆ ಗಟ್ಟಿಯಾಗಿತ್ತು. ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ, ತೆಳುವಾಗಿ ಎಣ್ಣೆ ಸವರಿ ಹಿಂಡಿ ಹಾಕಿದೆ. ಸೈಲೆನ್ಸರಿನ ಬಾಯಿಯಲ್ಲಿ ತೊಟ್ಟಿಕ್ಕುತ್ತಿದ್ದ ಕಪ್ಪು ಜಿಡ್ಡನ್ನೂ ಒಳಗಿನ ಬ್ಯಾಫಲಿನ ಇಂಗಾಲವನ್ನೂ ಸ್ವಚ್ಛ ಮಾಡಿಸಿದೆ.

ಜೆಟ್‌ಗಳಿಗೆ ಕೈ ಹಾಕುವ ಮೊದಲು ಇನ್ನೊಂದು ಪರೀಕ್ಷೆ ಆಗಲೇಬೇಕಿತ್ತು. ಎಂಜಿನ್ ಎಲ್ಲಿಂದಲಾದರೂ ಕಳ್ಳಗಾಳಿ ಎಳೆಯುತ್ತಿದ್ದರೆ, ಅದರ ಮೇಲೆ ಪೆಟ್ರೋಲನ್ನೂ ಕಡಿಮೆ ಮಾಡಿದಾಗ ಪಿಸ್ಟನ್ ಸುಟ್ಟುಹೋಗುತ್ತದೆ. ಅದಲ್ಲದೆ ಕ್ರ್ಯಾಂಕಿನ ಎರಡು ಬದಿಯ ಆಯಿಲ್ ಸೀಲ್‌ಗಳಲ್ಲಿ ಮ್ಯಾಗ್ನೆಟ್ ಬದಿಯದ್ದು ಹೋದರೆ ಗಾಳಿ ಒಳಬರುತ್ತದೆ, ಕ್ಲಚ್ ಬದಿಯದ್ದು ಹೋದರೆ ಗೇರ್ ಬಾಕ್ಸಿನ ಎಣ್ಣೆ ಒಳಬಂದು ಉರಿಯುತ್ತದೆ. ಎರಡನೆಯದೂ ಪ್ಲಗ್ಗನ್ನು ಕೆಡಿಸುತ್ತದೆ. ಬಿಡದ ಬಿಳಿ ಹೊಗೆ, ಸುಟ್ಟ ಗೇರ್ ಆಯಿಲಿನ ಘಾಟು, ಕಾರಣವಿಲ್ಲದೆ ಇಳಿಯುವ ಗೇರ್ ಆಯಿಲಿನ ಮಟ್ಟ ಅದರ ಗುರುತುಗಳು. ಆ ಹಿರಿಯರ ಗ್ಯಾರೇಜಿನಲ್ಲಿ ಇದಕ್ಕೆ ಒಂದು ಸರಳ ಉಪಕರಣವಿತ್ತು. ಕಾರ್ಬೊರೇಟರ್ ಕೂರುವ ಬಾಯಿಯನ್ನೂ ಸೈಲೆನ್ಸರಿನ ಬಾಯಿಯನ್ನೂ ರಬ್ಬರ್ ಬಿರಡೆಯಿಂದ ಬಿಗಿದು, ಪ್ಲಗ್‌ನ ತೂತಿಗೆ ನಳಿಕೆ ಕೂರಿಸಿ, ಬಿ.ಪಿ. ನೋಡುವ ರಬ್ಬರ್ ಬುಗ್ಗೆಯಿಂದ ಗಾಳಿ ತುಂಬಿದರು. ಮುಳ್ಳು 250ರ ಗುರುತಿಗೆ ಬಂದಾಗ ನಿಲ್ಲಿಸಿ, ಸೀಲ್‌ನ ಸುತ್ತ, ಹೆಡ್ ಮತ್ತು ಬ್ಲಾಕಿನ ಪ್ಯಾಕಿಂಗ್‌ಗಳ ಮೇಲೆ ಸೋಪಿನ ನೊರೆ ಸವರಿದರು. ನಾವಿಬ್ಬರೂ ಕಣ್ಣಿಟ್ಟು ಕೂತೆವು. ನೊರೆ ಎಲ್ಲಿಯೂ ಉಬ್ಬಲಿಲ್ಲ, ಮುಳ್ಳೂ ಇಳಿಯಲಿಲ್ಲ. ಎಂಜಿನ್ನಿನ ಕೆಳಭಾಗ ಗಟ್ಟಿಯಾಗಿದೆ ಎಂಬ ಭರವಸೆ ಸಿಕ್ಕಿದ್ದು ಅಲ್ಲಿ.

ಉಳಿದದ್ದು ಕಾರ್ಬೊರೇಟರ್. ಅದರ ಒಳಗೆ ಪೆಟ್ರೋಲ್ ಬರುವ ದಾರಿಗಳು ಹಲವು, ಮತ್ತು ಪ್ರತಿಯೊಂದು ದಾರಿಯೂ ಆಕ್ಸಿಲರೇಟರಿನ ಒಂದೊಂದು ಪಾಲಿನಲ್ಲಿ ಪ್ರಮುಖವಾಗುತ್ತದೆ. ಹಿಡಿ ಮುಚ್ಚಿದ ಸ್ಥಿತಿಯಿಂದ ಎಂಟನೇ ಒಂದು ಪಾಲು ತೆರೆಯುವವರೆಗೆ ಪೈಲಟ್ ಜೆಟ್ ಮತ್ತು ಏರ್ ಸ್ಕ್ರೂ; ಅಲ್ಲಿಂದ ಕಾಲು ಪಾಲಿನವರೆಗೆ ಸ್ಲೈಡಿನ (ಹಿಡಿ ತಿರುಗಿಸಿದಂತೆ ಮೇಲೇರಿ ಗಾಳಿಯ ದಾರಿ ತೆರೆಯುವ ಕೊಳವೆ) ಕೆಳಗಿನ ಓರೆಕೊರೆತ; ಕಾಲಿನಿಂದ ಮುಕ್ಕಾಲಿನವರೆಗೆ ಸ್ಲೈಡಿಗೆ ತೂಗಿದ ಸೂಜಿ; ಮುಕ್ಕಾಲಿನ ಮೇಲೆ ಮೇನ್ ಜೆಟ್. ಆದ್ದರಿಂದ ತೊಂದರೆ ಯಾವ ವೇಗದಲ್ಲಿ ಬರುತ್ತದೆ ಎಂದು ಕೇಳುವುದಕ್ಕಿಂತ ಹಿಡಿ ಎಷ್ಟು ತೆರೆದಾಗ ಬರುತ್ತದೆ ಎಂದು ಕೇಳಬೇಕು. ಹಿಡಿಯ ಮೇಲೂ ಅದರ ಪಕ್ಕದ ಸ್ವಿಚ್ಚಿನ ಮೇಲೂ ಬಿಳಿ ಟೇಪ್ ಅಂಟಿಸಿ, ಪೆನ್ನಿನಿಂದ ಕಾಲು, ಅರ್ಧ, ಮುಕ್ಕಾಲಿನ ಗೆರೆಗಳನ್ನು ಎಳೆದು ಓಡಿಸಿದೆ. ಬುಡ್ ಬುಡ್ ಸದ್ದು ಹೆಚ್ಚಾಗಿ ಮೊದಲ ಗೆರೆಯ ಒಳಗೇ ಇತ್ತು. ಪೂರ್ತಿ ತೆರೆದಾಗ ಸ್ವಲ್ಪ ಮಂಕು ಮಾತ್ರ, ಮೇಲಿನ ಸುತ್ತುಗಳಿಗೆ ಏರಲು ಸೋಮಾರಿತನ.

ಪೈಲಟ್ ಜೆಟ್‌ಗೆ ಹೋಗುವ ಮೊದಲು ಚೋಕಿನ ಕಡೆ ನೋಡಿದೆ. ಎಂಜಿನ್ ಕಾದು ನಿಂತಲ್ಲೇ ಓಡುತ್ತಿರುವಾಗ ಚೋಕ್ ಎತ್ತಿದರೆ ಹೆಚ್ಚಾದ ಪೆಟ್ರೋಲಿಗೆ ಅದು ಉಸಿರುಗಟ್ಟಿ ನಿಲ್ಲಬೇಕು. ನನ್ನ ಗಾಡಿಯಲ್ಲಿ ಚೋಕ್ ಎತ್ತಿದರೂ ಇಳಿಸಿದರೂ ಸದ್ದಿನಲ್ಲಿ ಹೆಚ್ಚೇನೂ ವ್ಯತ್ಯಾಸ ಬರಲಿಲ್ಲ. ಎಂದರೆ ಆ ದಾರಿ ಆಗಲೇ ತೆರೆದುಕೊಂಡಿತ್ತು. ಮಿಕುನಿಯ ಈ ಕಾರ್ಬೊರೇಟರಿನಲ್ಲಿ ಚೋಕ್ ಎಂದರೆ ಗಾಳಿಯನ್ನು ಮುಚ್ಚುವ ತಗಡಲ್ಲ. ಹೆಚ್ಚುವರಿ ಪೆಟ್ರೋಲಿನ ಒಂದು ಬೇರೆ ದಾರಿಯನ್ನು ಮುಚ್ಚಿ ಹಿಡಿಯುವ ಕಿರುಬೆರಳಿನ ತುದಿಯಷ್ಟರ ಹಿತ್ತಾಳೆ ಗುಂಡು. ಅದನ್ನು ಬಿಚ್ಚಿ ತಲೆಕೆಳಗಾಗಿ ಹಿಡಿದು ನೋಡಿದಾಗ, ತಳದ ರಬ್ಬರಿನಲ್ಲಿ ಕೆಳಗಿನ ಅಂಚು ಒತ್ತಿ ಒತ್ತಿ ಕೊರೆದ ದುಂಡನೆಯ ಗುಳಿ ಬಿದ್ದಿತ್ತು, ಒಂದು ಬದಿಯಲ್ಲಿ ರಬ್ಬರ್ ಹರಿದು ಚೂರೊಂದು ಎದ್ದಿತ್ತು. ಚೋಕ್ ಇಳಿಸಿದ್ದರೂ ಅಲ್ಲಿಂದ ಪೆಟ್ರೋಲ್ ಸೋರುತ್ತಿತ್ತು. ಹಿಡಿ ಮುಚ್ಚಿದ್ದಷ್ಟೂ ಎಂಜಿನ್ನಿನ ಎಳೆತ ಆ ದಾರಿಯ ಮೇಲೆ ಹೆಚ್ಚು. ಹಿಡಿ ತೆರೆದಂತೆ ಅದರ ಪರಿಣಾಮ ಇಳಿಯುತ್ತದೆ. ತೋಟದ ದಾರಿಯಲ್ಲಿ ಕೆಟ್ಟು, ಬಯಲಿನಲ್ಲಿ ಸುಧಾರಿಸಿಕೊಳ್ಳುತ್ತಿದ್ದ ಗಾಡಿಯ ನಡವಳಿಕೆಗೆ ಇದು ಸರಿಯಾಗಿ ಹೊಂದುತ್ತಿತ್ತು. ಟ್ರ್ಯಾಕಿನಲ್ಲಿ ಹಿಡಿಯನ್ನು ಸದಾ ತೆರೆದೇ ಓಡಿಸುವವರಿಗೆ ಈ ದೋಷ ಗೊತ್ತೇ ಆಗುವುದಿಲ್ಲ. ಹೊಸ ಗುಂಡು ಹಾಕಿದ ದಿನ ನನಗಾದ ಸಮಾಧಾನ ಸಣ್ಣದಲ್ಲ.

ಅದರೊಂದಿಗೆ ಪೆಟ್ರೋಲ್ ನಿಲ್ಲುವ ತಳದ ಬಟ್ಟಲು, ಅಂದರೆ ಫ್ಲೋಟ್ ಬೌಲ್ ಬಿಚ್ಚಿ, ಫ್ಲೋಟಿನ ಸೂಜಿಯ ಮೊನೆ ಸವೆದಿದೆಯೇ ಎಂದು ಉಗುರಿನಿಂದ ಸವರಿ ನೋಡಿದೆ, ಸರಿಯಾಗಿತ್ತು. ಬಳಿಕ ಪೈಲಟ್ ಜೆಟ್. ಎಂಜಿನ್ ಚೆನ್ನಾಗಿ ಕಾದ ಮೇಲೆ, ಏರ್ ಸ್ಕ್ರೂವನ್ನು ಮೆತ್ತಗೆ ಪೂರ್ತಿ ಒಳಕ್ಕೆ ತಿರುಪಿ, ಅಲ್ಲಿಂದ ಸ್ವಲ್ಪ ಸ್ವಲ್ಪವೇ ಹೊರಕ್ಕೆ ತಿರುಗಿಸುತ್ತಾ ಹೋದರೆ ನಿಂತಲ್ಲೇ ಓಡುವ ಎಂಜಿನ್ನಿನ ಓಟ ಏರುತ್ತಾ ಹೋಗಿ ಒಂದು ಕಡೆ ತುದಿ ಮುಟ್ಟಿ ಮತ್ತೆ ಇಳಿಯುತ್ತದೆ. ಆ ತುದಿ ಒಂದು ಸುತ್ತಿಗಿಂತ ಮೊದಲೇ ಬಂದರೆ ಪೈಲಟ್ ಜೆಟ್ ಸಣ್ಣದು. ಎರಡೂವರೆ ಸುತ್ತು ದಾಟಿದರೆ ದೊಡ್ಡದು. ನನ್ನದರಲ್ಲಿ ಮೂರು ಸುತ್ತು ಮೀರಿದರೂ ಓಟ ಏರುತ್ತಲೇ ಇತ್ತು. 25ರ ಜಾಗಕ್ಕೆ 22.5ರ ಪೈಲಟ್ ಜೆಟ್ (ಸಂಖ್ಯೆ ಚಿಕ್ಕದಾದರೆ ತೂತೂ ಚಿಕ್ಕದು) ಹಾಕಿದಾಗ ತುದಿ ಒಂದೂವರೆ ಸುತ್ತಿನ ಬಳಿ ಬಂದು ನಿಂತಿತು.

ಕರಾವಳಿಯಲ್ಲಿ ಸರಿಯಾಗಿದ್ದ ಜೆಟ್ ಇಲ್ಲಿ ಏಕೆ ದೊಡ್ಡದಾಯಿತು ಎಂಬುದಕ್ಕೆ ಉತ್ತರ ಗಾಳಿಯಲ್ಲಿದೆ. ಮಂಗಳೂರು ಸಮುದ್ರದ ಮಟ್ಟದಲ್ಲಿದೆ, ಚಿಕ್ಕಮಗಳೂರು ಪೇಟೆಯೇ 1,000 ಮೀಟರಿಗಿಂತ ಎತ್ತರದಲ್ಲಿದೆ. ಇಷ್ಟು ಎತ್ತರದಲ್ಲಿ ಗಾಳಿಯ ಸಾಂದ್ರತೆ ಕೆಳಗಿನದಕ್ಕಿಂತ ಶೇಕಡ 10ರಷ್ಟು ಕಡಿಮೆ. 1,900 ಮೀಟರ್ ದಾಟಿದ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ಇನ್ನೂ ಕಡಿಮೆ. ಕಾರ್ಬೊರೇಟರಿಗೆ ಗಾಳಿಯ ತೂಕ ಗೊತ್ತಾಗುವುದಿಲ್ಲ, ಅದರ ಓಟ ಮತ್ತು ಎಳೆತ ಮಾತ್ರ ಗೊತ್ತು. ಗಾಳಿ ತೆಳುವಾದಷ್ಟು ಪೆಟ್ರೋಲ್ ಇಳಿಯುವುದಿಲ್ಲ, ಅದರ ಸುಮಾರು ಅರ್ಧದಷ್ಟು ಮಾತ್ರ ಇಳಿಯುತ್ತದೆ. ಉಳಿದ ಶೇಕಡ 5ರಷ್ಟು ಪೆಟ್ರೋಲ್ ಹೆಚ್ಚುವರಿಯಾಗಿ ಒಳಗೇ ಉಳಿದು ಮಸಿಯಾಗುತ್ತದೆ. ಮೇನ್ ಜೆಟ್ ಬದಲಿಸಲು ಇದೇ ನನಗೆ ಅಳತೆಯಾಯಿತು. ಇದ್ದದ್ದು 150, ಅದರ ಶೇಕಡ 5 ಎಂದರೆ ಏಳೆಂಟು. ಒಮ್ಮೆಲೇ ಕೆಳಕ್ಕೆ ಜಿಗಿಯದೆ 145 ಹಾಕಿ ನೋಡಿ, ಆಮೇಲೆ 140ಕ್ಕೆ ಇಳಿದೆ.

ಇಲ್ಲಿ ಎಚ್ಚರ ಬೇಕಾದ ಇನ್ನೊಂದು ಸಂಗತಿಯಿದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥೆನಾಲ್ ಇರುತ್ತದೆ. ಬರೀ ಪೆಟ್ರೋಲಿನ ಒಂದು ಪಾಲು ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕಾದರೆ, ಈ ಬೆರಕೆಗೆ ಸುಮಾರು 13.5 ಸಾಕು. ಎಂದರೆ ಅದೇ ಜೆಟ್‌ನಲ್ಲಿ ಮಿಶ್ರಣ ಪೆಟ್ರೋಲ್ ಕಡಿಮೆಯಾದ ಕಡೆಗೆ ವಾಲುತ್ತದೆ. ಎತ್ತರ ಒಂದು ಕಡೆಗೆ ಎಳೆದರೆ ಎಥೆನಾಲ್ ಮತ್ತೊಂದು ಕಡೆಗೆ ಎಳೆಯುತ್ತದೆ. ಡಿಸೆಂಬರಿನ ಬೆಳಗಿನ ಚಳಿಯಲ್ಲಿ ಗಾಳಿ ದಟ್ಟವಾಗಿ ಇನ್ನಷ್ಟು ಅದೇ ಕಡೆಗೆ. ಹಳೆಯ ಪೆಟ್ರೋಲಿನ ಕಾಲದಲ್ಲಿ ಯಾರೋ ಬರೆದಿಟ್ಟ ಜೆಟ್‌ನ ಸಂಖ್ಯೆಯನ್ನು ಇಂದು ಕಣ್ಣುಮುಚ್ಚಿ ಹಾಕುವುದು ಸಲ್ಲದು ಎನ್ನುವುದಕ್ಕೆ ಇದೇ ಕಾರಣ. ಲೆಕ್ಕ ದಾರಿ ತೋರಿಸುತ್ತದೆ, ತೀರ್ಪು ಪ್ಲಗ್‌ನದ್ದೇ ಆಗಬೇಕು.

ಆ ತೀರ್ಪಿಗಾಗಿ ಊರಾಚೆಯ ಏರುದಾರಿಯನ್ನು ಆರಿಸಿಕೊಂಡೆ. ಎಂಜಿನ್ ಹಳೆಯ ಪ್ಲಗ್‌ನಲ್ಲಿ ಚೆನ್ನಾಗಿ ಕಾದ ಮೇಲೆ ಹೊಸ ಪ್ಲಗ್ ಹಾಕಿ, ಮೂರನೇ ಗೇರಿನಲ್ಲಿ ಹಿಡಿ ಪೂರ್ತಿ ತೆರೆದು ಏರಿನ ತುದಿಯವರೆಗೆ ಹೋಗಿ, ಹಿಡಿ ಮುಚ್ಚದೆ ಕ್ಲಚ್ ಹಿಡಿದು ಕಿಲ್ ಸ್ವಿಚ್ ಒತ್ತಿದೆ. ನಿಧಾನ ಮಾಡಿ ನಿಲ್ಲಿಸಿದರೆ ಕೊನೆಯ ಕ್ಷಣಗಳ ಪೈಲಟ್ ಜೆಟ್‌ನ ಬಣ್ಣ ಪ್ಲಗ್‌ನ ಮೇಲೆ ಕೂತು ಮೇನ್ ಜೆಟ್‌ನ ಸಾಕ್ಷಿ ಅಳಿಸಿಹೋಗುತ್ತದೆ. ಪಿಂಗಾಣಿಯ ತುದಿ ಕಂದು ಬಣ್ಣಕ್ಕೆ ಬಂದಿದೆಯೇ ಎಂದು ನೋಡುವುದು ಎಲ್ಲರ ರೂಢಿ, ಆದರೆ ಇಂದಿನ ಸೀಸವಿಲ್ಲದ ಪೆಟ್ರೋಲಿನಲ್ಲಿ ತುದಿಯ ಬಣ್ಣ ಸುಲಭವಾಗಿ ಹತ್ತುವುದಿಲ್ಲ. ನಿಜವಾದ ಗುರುತು ಇರುವುದು ಒಳಗೆ, ಪಿಂಗಾಣಿ ಲೋಹದ ಮೈಯನ್ನು ಸೇರುವ ಬುಡದಲ್ಲಿ. ಅದನ್ನು ಸರಿಯಾಗಿ ಕಾಣಲು ಪ್ಲಗ್‌ನ ಮರೆಯ ಭಾಗವನ್ನು ಲೇತ್ ಅಂಗಡಿಯಲ್ಲಿ ಕತ್ತರಿಸಿಸಿದೆ; ಒಂದು ಪ್ಲಗ್ ಹಾಳಾಗುತ್ತದೆ, ಆದರೆ ಪಿಸ್ಟನ್ನಿನ ಬೆಲೆಯ ಮುಂದೆ ಅದು ಏನೂ ಅಲ್ಲ. 150ರ ಜೆಟ್‌ನಲ್ಲಿ ಓಡಿದ ಪ್ಲಗ್‌ನ ಒಳಗೆ ಪಿಂಗಾಣಿ ಅರ್ಧದವರೆಗೂ ಕಪ್ಪಾಗಿತ್ತು. 140ರಲ್ಲಿ ಮೇಲಿನ ಭಾಗ ಬಿಳಿಯಾಗಿಯೇ ಉಳಿದು, ಬುಡದಲ್ಲಿ ಮಾತ್ರ ಒಂದೆರಡು ಮಿಲಿಮೀಟರ್ ಅಗಲದ ಕಡು ಕಂದು ಉಂಗುರ ಸ್ಪಷ್ಟವಾಗಿ ಕಂಡಿತು. ನನಗೆ ಬೇಕಿದ್ದುದು ಅದೇ. ಉಂಗುರ ಪೂರ್ತಿ ಮಾಯವಾದರೆ, ಅಥವಾ ಪಿಂಗಾಣಿಯ ಮೇಲೆ ಮಿನುಗುವ ಸಣ್ಣ ಬೂದು ಚುಕ್ಕೆಗಳು ಕಂಡರೆ ಅಲ್ಲಿಗೇ ನಿಲ್ಲಿಸಬೇಕು. ಆ ಚುಕ್ಕೆಗಳು ಪಿಸ್ಟನ್ನಿನಿಂದ ಕರಗಿ ಬಂದ ಅಲ್ಯೂಮಿನಿಯಂ. 135ರ ಜೆಟ್ ಕೈಯಲ್ಲಿದ್ದರೂ ನಾನು ಹಾಕಿ ನೋಡಲಿಲ್ಲ.

ನಡುವಿನ ಪಾಲಿಗೆ ಸೂಜಿಯ ಕ್ಲಿಪ್ಪನ್ನು ಒಂದು ಗೆರೆ ಮೇಲಕ್ಕೆ ಏರಿಸಿದೆ. ಕ್ಲಿಪ್ ಮೇಲೇರಿದರೆ ಸೂಜಿ ಕೆಳಗಿಳಿದು ಪೆಟ್ರೋಲ್ ಕಡಿಮೆಯಾಗುತ್ತದೆ. ಹಲವರಿಗೆ ಇದು ತಲೆಕೆಳಗಾಗಿ ಕಾಣುವುದರಿಂದ ಒತ್ತಿ ಹೇಳುತ್ತಿದ್ದೇನೆ.

ಹೆಚ್ಚು ಬಿಸಿ ಉಳಿಸಿಕೊಳ್ಳುವ ದರ್ಜೆಯ ಪ್ಲಗ್‌ಗೆ ಕೈ ಹಾಕಿದ್ದು ಎಲ್ಲ ಮುಗಿದ ಮೇಲೆ. ಟ್ರ್ಯಾಕಿನ ಬಿಸಿಗೆಂದು ಹಿಂದಿನವರು ಎನ್‌ಜಿಕೆ ಕಂಪನಿಯ 8ರ ದರ್ಜೆಯ ಪ್ಲಗ್ ಹಾಕಿದ್ದರು. ಎನ್‌ಜಿಕೆಯಲ್ಲಿ ಸಂಖ್ಯೆ ದೊಡ್ಡದಾದಷ್ಟು ಪ್ಲಗ್ ಬೇಗ ತಣಿಯುತ್ತದೆ. ಬಾಷ್‌ನಲ್ಲಿ ಇದಕ್ಕೆ ತದ್ವಿರುದ್ಧ, ಆದ್ದರಿಂದ ಒಂದರ ಬದಲು ಮತ್ತೊಂದನ್ನು ಕೊಳ್ಳುವಾಗ ಪಟ್ಟಿ ನೋಡಲೇಬೇಕು. ನಿಧಾನದ ಓಡಾಟವೇ ಹೆಚ್ಚಿರುವ ನನಗೆ 7ರ ದರ್ಜೆ ಸಾಕಿತ್ತು. ಇದನ್ನೇ ಮೊದಲು ಮಾಡಿದ್ದರೆ ಮಸಿ ಕಡಿಮೆಯಾಗುತ್ತಿತ್ತು, ಸೋರುವ ಚೋಕ್ ಮತ್ತು ದೊಡ್ಡ ಜೆಟ್ ಮಾತ್ರ ಒಳಗೇ ಉಳಿಯುತ್ತಿದ್ದವು. ಕೆಟ್ಟ ಪ್ಲಗ್ಗನ್ನು ಉಪ್ಪುಕಾಗದದಿಂದ ಉಜ್ಜಿ ಮತ್ತೆ ಹಾಕುವುದನ್ನೂ ನಾನು ಬಿಟ್ಟಿದ್ದೇನೆ. ಪಿಂಗಾಣಿಯ ಮೇಲೆ ಬಿದ್ದ ಗೀರುಗಳಲ್ಲಿ ಮಸಿ ಇನ್ನೂ ಬೇಗ ಕೂರುತ್ತದೆ.

ಈಗ ಗಾಡಿ ತೋಟದ ದಾರಿಯಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಪ್ಲಗ್ ಬಿಚ್ಚದೆ ಓಡುತ್ತದೆ. ಇಕ್ಕಟ್ಟಿನ ದಾರಿ ಮುಗಿದು ತೆರವು ಸಿಕ್ಕಲ್ಲೆಲ್ಲ ಒಮ್ಮೆ ಹಿಡಿ ಪೂರ್ತಿ ತೆರೆದು ಎಂಜಿನ್ ಕಾಯಲು ಬಿಡುತ್ತೇನೆ. ಉದ್ದದ ಇಳಿಜಾರಿನಲ್ಲಿ ಹಿಡಿ ಮುಚ್ಚಿ ಎಂಜಿನ್ನಿನಿಂದಲೇ ತಡೆಯುತ್ತಾ ಇಳಿಯುವಾಗ ನಡುನಡುವೆ ಹಿಡಿಯನ್ನು ತುಸು ತೆರೆದು ಪಿಸ್ಟನ್ನಿಗೆ ಎಣ್ಣೆ ಉಣಿಸುತ್ತೇನೆ. ಮಳೆಗಾಲದಲ್ಲಿ ವಾರಗಟ್ಟಲೆ ಗಾಡಿ ನಿಲ್ಲುವುದಿದ್ದರೆ ಪೆಟ್ರೋಲಿನ ನಲ್ಲಿ ಮುಚ್ಚಿ ಬೌಲಿನಲ್ಲಿದ್ದುದು ತೀರುವವರೆಗೆ ಓಡಿಸಿ ನಿಲ್ಲಿಸುತ್ತೇನೆ, ಏಕೆಂದರೆ ಎಥೆನಾಲ್ ಮಲೆನಾಡಿನ ತೇವವನ್ನು ಹೀರಿಕೊಂಡು ನೀರಿನೊಂದಿಗೆ ತಳಕ್ಕೆ ಇಳಿದರೆ ಆ ಪದರದಲ್ಲಿ ಎಣ್ಣೆ ಇರುವುದಿಲ್ಲ, ಮೊದಲ ಕಿಕ್‌ಗೆ ಬೇರಿಂಗಿಗೆ ತಲುಪುವುದು ಅದೇ. ಮಂಗಳೂರಿಗೆ ಗಾಡಿ ಇಳಿಸಬೇಕಾದಾಗ ಹಾಕಲೆಂದು 150ರ ಮೇನ್ ಜೆಟ್ಟನ್ನೂ 25ರ ಪೈಲಟ್ ಜೆಟ್ಟನ್ನೂ ಚಿಕ್ಕ ಡಬ್ಬಿಯಲ್ಲಿ ಹಾಕಿ, ಮೇಲೆ ಚೀಟಿ ಅಂಟಿಸಿ, ಸೀಟಿನ ಕೆಳಗೆ ಇಟ್ಟಿದ್ದೇನೆ. ಕೆಳಗಿನ ದಟ್ಟ ಗಾಳಿಯಲ್ಲಿ 140ರಲ್ಲೇ ಹಿಡಿ ತೆರೆದು ಓಡಿಸಿದರೆ ಪಿಸ್ಟನ್ ಉಳಿಯುವುದಿಲ್ಲ.